ಮ್ಯಾಗ್ನೆಟಿಕ್ ನ್ಯಾನೋ ಕಣಗಳು: ರೋಗಪತ್ತೆಯಲ್ಲಿ ನಿಜವಾಗಿ ಎಲ್ಲಿ ಬಳಕೆ, ಎಲ್ಲಿ ಬರೀ ಸುದ್ದಿ?

ಪ್ರಶ್ನೆಪೆಟ್ಟಿಗೆ

ಕಬ್ಬಿಣದ ನ್ಯಾನೋ ಕಣಗಳ ಬಗ್ಗೆ ಬರುವ ಸುದ್ದಿಗಳನ್ನು ಬಿಡದೆ ಓದುವವನು ನಾನು. ಎಲ್ಲದರಲ್ಲೂ ಒಂದೇ ಚಿತ್ರ. ರಕ್ತನಾಳದೊಳಗೆ ಪುಟ್ಟ ಪುಟ್ಟ ಗುಂಡುಗಳು ಓಡುತ್ತಿರುತ್ತವೆ, ಹೊರಗಡೆ ದೊಡ್ಡ ಅಯಸ್ಕಾಂತ, ಕೆಳಗೆ "ಕ್ಯಾನ್ಸರ್ ಪತ್ತೆಯಲ್ಲಿ ಕ್ರಾಂತಿ" ಎಂಬ ಸಾಲು. ಆಮೇಲೆ ಆ ಕ್ರಾಂತಿ ಎಲ್ಲಿಗೆ ಹೋಯಿತು ಅಂತ ಯಾರೂ ಬರೆಯುವುದಿಲ್ಲ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಇವತ್ತಿಗೆ, ನಿಜವಾದ ರೋಗಿಯ ನಿಜವಾದ ಪರೀಕ್ಷೆಯಲ್ಲಿ ಇದು ಬಳಕೆಯಲ್ಲಿದೆಯಾ? ಇದ್ದರೆ ಯಾವುದರಲ್ಲಿ? ಜೊತೆಗೆ ಒಂದು ದಡ್ಡ ಪ್ರಶ್ನೆ. ರಕ್ತದಲ್ಲೇ ಕಬ್ಬಿಣ ಇದೆಯಲ್ಲ. ಅದರೊಳಗೆ ಮತ್ತೆ ಕಬ್ಬಿಣದ ಕಣ ಹಾಕಿದರೆ ಯಾವುದು ರಕ್ತದ್ದು, ಯಾವುದು ನಾವು ಹಾಕಿದ್ದು ಅಂತ ಹೇಗೆ ಗೊತ್ತಾಗುತ್ತದೆ?

ಸೀರಮ್‌ಸಂಗಾತಿ

ಮೊದಲ ಪ್ರಶ್ನೆಗೆ ಉತ್ತರ: ಬಳಕೆಯಲ್ಲಿದೆ, ಅದೂ ದಿನಾ. ನೀವು ಯಾವತ್ತಾದರೂ ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದರೆ ನಿಮ್ಮ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಈ ಕಣಗಳ ಜೊತೆ ಬೆರೆತಿರುವ ಸಾಧ್ಯತೆ ತುಂಬಾ ಜಾಸ್ತಿ.

ನಾನು ಲ್ಯಾಬ್‌ನಲ್ಲಿ ಇಮ್ಯುನೋಅಸ್ಸೇ ಯಂತ್ರ, ಅಂದರೆ ಆಂಟಿಬಾಡಿ ಬಳಸಿ ರಕ್ತದಲ್ಲಿರುವುದನ್ನು ಅಳೆಯುವ ಯಂತ್ರ, ನೋಡಿಕೊಳ್ಳುವವಳು. ಟಿಎಸ್‌ಎಚ್ (ಥೈರಾಯ್ಡ್‌ಗೆ), ಟ್ರೋಪೋನಿನ್ (ಹೃದಯಾಘಾತಕ್ಕೆ), ಫೆರಿಟಿನ್ (ಕಬ್ಬಿಣದ ದಾಸ್ತಾನಿಗೆ), ಪಿಎಸ್‌ಎ (ಪ್ರಾಸ್ಟೇಟ್‌ಗೆ), ಹೆಪಟೈಟಿಸ್ ಬಿ, ಇವೆಲ್ಲ ದೊಡ್ಡ ಯಂತ್ರಗಳಲ್ಲಿ ಹೆಚ್ಚು ಕಡಿಮೆ ಒಂದೇ ದಾರಿಯಲ್ಲಿ ನಡೆಯುತ್ತವೆ. ಟಿಎಸ್‌ಎಚ್ ತೆಗೆದುಕೊಳ್ಳಿ. ಯಂತ್ರ ಸೀರಮ್‌ಗೆ ಎರಡು ಆಂಟಿಬಾಡಿ ಹಾಕುತ್ತದೆ. ಎರಡೂ ಸೇರಿ ಟಿಎಸ್‌ಎಚ್ ಅಣುವನ್ನು ಆ ಕಡೆ ಈ ಕಡೆ ಹಿಡಿದುಕೊಳ್ಳುತ್ತವೆ. ಒಂದಕ್ಕೆ ಬೆಳಕು ಕೊಡುವ ರಾಸಾಯನಿಕ ಅಂಟಿಸಿರುತ್ತಾರೆ. ಇನ್ನೊಂದು ಹೋಗಿ ಮ್ಯಾಗ್ನೆಟಿಕ್ ಬೀಡ್‌ಗೆ, ಅಂದರೆ ಅಯಸ್ಕಾಂತ ಎಳೆಯುವ ಪುಟ್ಟ ಗುಂಡಿಗೆ, ಅಂಟಿಕೊಳ್ಳುತ್ತದೆ. ಅಯಸ್ಕಾಂತ ಬೀಡ್‌ಗಳನ್ನು ಹಿಡಿದಿಟ್ಟುಕೊಂಡಿರುವಾಗ ಬೇಡದ್ದೆಲ್ಲ ತೊಳೆದು ಹೋಗುತ್ತದೆ. ಉಳಿದದ್ದರ ಬೆಳಕನ್ನು ಯಂತ್ರ ಅಳೆಯುತ್ತದೆ. ಎಲ್ಲಾ ಸೇರಿ ಸುಮಾರು ಇಪ್ಪತ್ತು ನಿಮಿಷ. ಎಲೈಸಾ ಎಂಬ ಹಳೆಯ ವಿಧಾನದ ಪ್ಲೇಟ್‌ನಲ್ಲಿ ಇದೇ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ಅಲ್ಲಿ ಆಂಟಿಬಾಡಿ ಗೋಡೆಗೆ ಅಂಟಿಕೊಂಡಿರುತ್ತದೆ, ಅಣು ತಾನಾಗಿ ಅಲ್ಲಿಯ ತನಕ ಬರಬೇಕು. ಇಲ್ಲಿ ಬೀಡ್‌ಗಳೇ ಸೀರಮ್ ತುಂಬಾ ಹರಡಿಕೊಂಡಿರುತ್ತವೆ.

ಇದು ಸುದ್ದಿಯಾಗದಿರುವುದಕ್ಕೆ ಕಾರಣ, ಫೋಟೋ ತೆಗೆಯಲು ಏನೂ ಇಲ್ಲ. ಕಂದು ನೀರು ತುಂಬಿದ ಸಣ್ಣ ಬಾಟಲಿ ಅಷ್ಟೆ.

ಅನುಮಾನಪ್ಪ

ಮೇಡಂ, ಆ ಬೀಡ್‌ಗಳ ಅಳತೆ ಎಷ್ಟು? ನನಗೆ ಗೊತ್ತಿರುವಂತೆ ಎರಡು ಮೂರು ಮೈಕ್ರಾನ್. ನ್ಯಾನೋ ಅಂದರೆ 100 ನ್ಯಾನೋಮೀಟರ್‌ಗಿಂತ ಚಿಕ್ಕದು. ಅದರ ಮೂವತ್ತು ಪಟ್ಟು ಇರುವ ಗುಂಡನ್ನು ತಂದು ನ್ಯಾನೋ ಲೆಕ್ಕಕ್ಕೆ ಸೇರಿಸಿ ಚಪ್ಪಾಳೆ ತಟ್ಟುವುದು ಸರಿಯಾ?

ಕಬ್ಬಿಣದಪುಡಿ

ಅನುಮಾನಪ್ಪನವರೇ, ಗುಂಡು ಮೈಕ್ರಾನ್‌ನದ್ದೇ. ಆದರೆ ಗುಂಡಿನ ಒಳಗೆ ಇರುವುದು ಪಾಲಿಮರ್, ಅದರಲ್ಲಿ ಸುಮಾರು 10 ನ್ಯಾನೋಮೀಟರ್‌ನ ಐರನ್ ಆಕ್ಸೈಡ್ ಕಣಗಳು ಹರಡಿಕೊಂಡಿರುತ್ತವೆ. ಕೆಲಸ ಮಾಡುವುದು ಆ ಕಣಗಳು. (ನಾನು ಇವನ್ನೇ ತಯಾರಿಸಿ ಅಳೆಯುವವನು, ಪಿಎಚ್‌ಡಿ ಇನ್ನೂ ನಡೆಯುತ್ತಿದೆ.)

ಒಂದು ದೊಡ್ಡ ಕಬ್ಬಿಣದ ಚೂರನ್ನು ಅಯಸ್ಕಾಂತದ ಹತ್ತಿರ ತಂದು ಆಮೇಲೆ ದೂರ ಒಯ್ದರೆ ಅದರಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿದುಬಿಡುತ್ತದೆ. ಅಂಥ ಚೂರುಗಳನ್ನು ಪರೀಕ್ಷಾ ದ್ರವದಲ್ಲಿ ಹಾಕಿದರೆ ಒಂದಕ್ಕೊಂದು ಕಚ್ಚಿಕೊಂಡು ಗಡ್ಡೆ ಕಟ್ಟುತ್ತವೆ. ಐರನ್ ಆಕ್ಸೈಡ್ ಕಣವನ್ನು ಸುಮಾರು 20 ನ್ಯಾನೋಮೀಟರ್‌ಗಿಂತ ಕೆಳಗೆ ಇಳಿಸಿದರೆ ಕಥೆಯೇ ಬೇರೆ. ಇಡೀ ಕಣ ಒಂದೇ ಪುಟ್ಟ ಅಯಸ್ಕಾಂತ ಆಗಿಬಿಡುತ್ತದೆ. ಅದು ಎಷ್ಟು ಚಿಕ್ಕದು ಅಂದರೆ ಕೋಣೆಯ ಶಾಖವೇ ಅದರ ದಿಕ್ಕನ್ನು ಕ್ಷಣಕ್ಷಣಕ್ಕೂ ತಿರುಗಿಸುತ್ತಿರುತ್ತದೆ. ಹೊರಗಿನ ಅಯಸ್ಕಾಂತ ಬಂದಾಗ ಎಲ್ಲವೂ ಒಂದೇ ದಿಕ್ಕಿಗೆ ನಿಲ್ಲುತ್ತವೆ, ಜೋರಾಗಿ ಎಳೆಸಿಕೊಳ್ಳುತ್ತವೆ. ಅಯಸ್ಕಾಂತ ದೂರ ಹೋದ ತಕ್ಷಣ ಎಲ್ಲಾ ಚದುರಿ ಒಟ್ಟು ಸೊನ್ನೆ. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಮ್ ಎನ್ನುತ್ತಾರೆ. ಹಿಡಿ, ತೊಳೆ, ಬಿಡು, ಮತ್ತೆ ಹಿಡಿ ಎಂಬ ಮೇಡಂ ಅವರ ಇಡೀ ಕೆಲಸ ನಿಂತಿರುವುದು ಈ ಗುಣದ ಮೇಲೆ.

ಹಾಗಾದರೆ ಬರೀ ನ್ಯಾನೋ ಕಣ ಸಾಕಲ್ಲ, ಪಾಲಿಮರ್ ಗುಂಡು ಯಾಕೆ? ಒಂದೊಂದೇ ಕಣವನ್ನು ಎಳೆಯಲು ಬೇಕಾಗುವ ಬಲ ಸಿಗುವುದಿಲ್ಲ. ನೀರಿನ ಅಣುಗಳ ತಳ್ಳಾಟವೇ ಅದಕ್ಕಿಂತ ಜೋರು. ಸಾವಿರಾರು ಕಣ ಒಂದು ಗುಂಡಿನಲ್ಲಿದ್ದರೆ ಕೆಲವೇ ಸೆಕೆಂಡಿನಲ್ಲಿ ಬಂದು ಅಂಟುತ್ತವೆ. ಎಲ್ಲಾ ಗುಂಡುಗಳೂ ಒಂದೇ ಅಳತೆಯಲ್ಲಿ ಇರಬೇಕು ಬೇರೆ. ಅದನ್ನು 1970ರ ದಶಕದಲ್ಲಿ ಸಾಧಿಸಿದವರು ನಾರ್ವೆಯ ಜಾನ್ ಉಗೆಲ್‌ಸ್ಟಾಡ್. ಸಮನಾದ ಪಾಲಿಮರ್ ಗುಂಡುಗಳಿಗಾಗಿ ನಾಸಾ 1980ರ ದಶಕದಲ್ಲಿ ಸ್ಪೇಸ್ ಶಟಲ್‌ನಲ್ಲೂ ಪ್ರಯೋಗ ನಡೆಸಿತ್ತು. ಉಗೆಲ್‌ಸ್ಟಾಡ್ ನೆಲದ ಮೇಲೇ ಮಾಡಿ ಮುಗಿಸಿದ್ದರು.

ಈಗ ರಕ್ತದ ಪ್ರಶ್ನೆ. ಅದು ದಡ್ಡ ಪ್ರಶ್ನೆಯಲ್ಲ, ಇಡೀ ವಿಷಯದ ಬುಡವೇ ಅದು. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣದ ಪರಮಾಣುಗಳು ಒಂದೊಂದಾಗಿ, ದೂರ ದೂರ ಕೂತಿವೆ. ಒಂದರ ದಿಕ್ಕಿಗೂ ಇನ್ನೊಂದರ ದಿಕ್ಕಿಗೂ ಸಂಬಂಧ ಇಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅನ್ನು ಅಯಸ್ಕಾಂತ ಸ್ವಲ್ಪ ದೂರ ತಳ್ಳುತ್ತದೆ, ಆಮ್ಲಜನಕ ಇಳಿಸಿದ ಹಿಮೋಗ್ಲೋಬಿನ್ ಅನ್ನು ಸ್ವಲ್ಪ ಎಳೆಯುತ್ತದೆ. ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ಇದನ್ನು ತೋರಿಸಿದ್ದರು. ಎರಡೂ ತೀರಾ ದುರ್ಬಲ. ನ್ಯಾನೋ ಕಣದಲ್ಲಿ ಸಾವಿರಾರು ಕಬ್ಬಿಣದ ಪರಮಾಣುಗಳು ಒಟ್ಟಿಗೆ ಒಂದೇ ದಿಕ್ಕಿಗೆ ತಿರುಗುತ್ತವೆ. ಅಜಗಜಾಂತರ. ಹಾಗಾಗಿ ಅಯಸ್ಕಾಂತದ ಕಣ್ಣಿನಿಂದ ನೋಡಿದರೆ ದೇಹ ಹೆಚ್ಚು ಕಡಿಮೆ ಖಾಲಿ. ರಕ್ತದ ಕೆಂಪು ಬಣ್ಣ, ಸೀರಮ್‌ನ ಕೊಬ್ಬಿನ ಮಬ್ಬು ಬೆಳಕಿನ ಅಳತೆಗೆ ತೊಂದರೆ ಕೊಡುತ್ತವೆ, ಅಯಸ್ಕಾಂತದ ಅಳತೆಗೆ ಕೊಡುವುದಿಲ್ಲ.

ಸುಮ್ನೆಬಂದೆ

ಕೋವಿಡ್ ಸಮಯದಲ್ಲಿ ಆರ್‌ಟಿಪಿಸಿಆರ್‌ಗೂ ಮ್ಯಾಗ್ನೆಟಿಕ್ ಬೀಡ್ ಬಳಸುತ್ತಿದ್ದರು ಅಂತ ಕೇಳಿದ್ದೆ. ಅದೂ ಇದೇನಾ?

ಸೀರಮ್‌ಸಂಗಾತಿ

ಹೌದು, ತಂಗಿ/ತಮ್ಮ (ಯಾರೋ ಗೊತ್ತಿಲ್ಲ). ಅಲ್ಲಿ ಬೀಡ್ ಮೇಲೆ ಆಂಟಿಬಾಡಿ ಇರುವುದಿಲ್ಲ, ಸಾಮಾನ್ಯವಾಗಿ ಸಿಲಿಕಾ ಇರುತ್ತದೆ. ಗ್ವಾನಿಡಿನ್ ಉಪ್ಪು ಜಾಸ್ತಿ ಇದ್ದಾಗ ಆರ್‌ಎನ್‌ಎ ಸಿಲಿಕಾಗೆ ಅಂಟುತ್ತದೆ, ಉಪ್ಪು ತೆಗೆದು ನೀರು ಹಾಕಿದರೆ ಬಿಡುತ್ತದೆ. ಈ ಉಪ್ಪಿನ ತಂತ್ರ 1990ರದ್ದು, ಬೂಮ್ ವಿಧಾನ ಎನ್ನುತ್ತಾರೆ. ಅದಕ್ಕೆ ಅಯಸ್ಕಾಂತ ಸೇರಿದ ಮೇಲೆ ರೋಬೋಟ್ ಕೈಗೆ ಕೆಲಸ ಹೋಯಿತು. 96 ಸ್ಯಾಂಪಲ್ ಒಟ್ಟಿಗೆ. 2020ರಲ್ಲಿ ಎಷ್ಟೋ ಕಡೆ ಪಿಸಿಆರ್ ಯಂತ್ರ ಇತ್ತು, ಆರ್‌ಎನ್‌ಎ ಬೇರ್ಪಡಿಸುವ ಕಿಟ್ ಇರಲಿಲ್ಲ.

ಅನುಮಾನಪ್ಪ

ಸರಿ, ಟ್ಯೂಬ್‌ನೊಳಗಿನ ಕೆಲಸ ಒಪ್ಪಿಕೊಂಡೆ. ಆದರೆ ಅಯಸ್ಕಾಂತ ಅಲ್ಲಿ ಮಾಡುತ್ತಿರುವುದು ಬರೀ ಜರಡಿಯ ಕೆಲಸ. ಅಳೆಯುವುದು ಬೆಳಕು. "ಡಯಾಗ್ನಾಸ್ಟಿಕ್ಸ್" ಎಂಬ ದೊಡ್ಡ ಹೆಸರು ಯಾಕೆ?

ಸೀರಮ್‌ಸಂಗಾತಿ

ಜರಡಿ ಕೆಟ್ಟರೆ ಏನಾಗುತ್ತದೆ ಅಂತ ಒಂದು ನಿಜವಾದ ಕಥೆ ಹೇಳುತ್ತೇನೆ. ಆಮೇಲೆ "ಬರೀ" ಅನ್ನಿ ನೋಡೋಣ.

ಕೆಲವು ಯಂತ್ರಗಳಲ್ಲಿ ಬೀಡ್ ಮೇಲೆ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಇರುತ್ತದೆ, ಆಂಟಿಬಾಡಿಗೆ ಬಯೋಟಿನ್ ಅಂಟಿಸಿರುತ್ತಾರೆ. ಇವೆರಡೂ ಸೇರಿದರೆ ಬಿಡಿಸುವುದು ಬಹಳ ಕಷ್ಟ, ಅದಕ್ಕೇ ಈ ಜೋಡಿ ಎಲ್ಲರಿಗೂ ಇಷ್ಟ. ಬಯೋಟಿನ್ ಅಂದರೆ ವಿಟಮಿನ್ ಬಿ7. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು. ಕೂದಲು, ಉಗುರಿಗೆ ಅಂತ ಮಾರುವ ಮಾತ್ರೆಗಳಲ್ಲಿ 5, 10 ಮಿಲಿಗ್ರಾಂ ಇರುತ್ತದೆ. ಅಂದರೆ ನೂರಾರು ಪಟ್ಟು. ಆ ಬಯೋಟಿನ್ ರಕ್ತದಲ್ಲಿ ತೇಲುತ್ತಾ ಬಂದು ಬೀಡ್ ಮೇಲಿನ ಜಾಗವನ್ನೆಲ್ಲ ತಾನೇ ಹಿಡಿದುಬಿಡುತ್ತದೆ. ಆಂಟಿಬಾಡಿಗೆ ಜಾಗ ಇಲ್ಲ. ಟಿಎಸ್‌ಎಚ್ ಹಿಡಿದ ಆಂಟಿಬಾಡಿ ತೊಳೆದು ಹೋಗುತ್ತದೆ. ಬೆಳಕು ಕಡಿಮೆ, ಟಿಎಸ್‌ಎಚ್ ಕಡಿಮೆ ಅಂತ ರಿಪೋರ್ಟ್.

ಇನ್ನೂ ತಮಾಷೆ ಏನೆಂದರೆ ಫ್ರೀ ಟಿ4 (ಥೈರಾಯ್ಡ್ ಹಾರ್ಮೋನ್) ಪರೀಕ್ಷೆ ಉಲ್ಟಾ ನಡೆಯುತ್ತದೆ. ಅದರಲ್ಲಿ ಬೆಳಕು ಕಡಿಮೆಯಾದಷ್ಟೂ ಫಲಿತಾಂಶ ಜಾಸ್ತಿ. ಹಾಗಾಗಿ ಅದೇ ವ್ಯಕ್ತಿಗೆ ಟಿ4 ಜಾಸ್ತಿ ಅಂತ ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಥೈರಾಯ್ಡ್ ವಿಪರೀತ ಕೆಲಸ ಮಾಡುತ್ತಿದೆ ಎನ್ನುವ ಪಕ್ಕಾ ಚಿತ್ರ. ಆರೋಗ್ಯವಾಗಿರುವ ಮನುಷ್ಯನಿಗೆ ಚಿಕಿತ್ಸೆ ಶುರುವಾಗಬಹುದು.

ಟ್ರೋಪೋನಿನ್‌ನಲ್ಲಿ ಇದು ತಮಾಷೆಯಲ್ಲ. ಹೃದಯಾಘಾತ ಆಗಿದ್ದರೂ ಸಂಖ್ಯೆ ಕಡಿಮೆ ಬರಬಹುದು. 2017ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೆಚ್ಚಿನ ಬಯೋಟಿನ್ ತೆಗೆದುಕೊಳ್ಳುತ್ತಿದ್ದ ಒಬ್ಬ ರೋಗಿಯ ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದು, ಆಮೇಲೆ ಆ ರೋಗಿ ತೀರಿಕೊಂಡ ವರದಿ ತನಗೆ ಬಂದಿದೆ ಎಂದು ಅದರಲ್ಲಿ ಹೇಳಿತ್ತು. ಆಮೇಲೆ ಕಂಪನಿಗಳು ಎಷ್ಟೋ ಪರೀಕ್ಷೆಗಳನ್ನು ಬಯೋಟಿನ್ ತಡೆದುಕೊಳ್ಳುವಂತೆ ಬದಲಿಸಿವೆ. ಆದರೂ ಮಾತ್ರೆ ತೆಗೆದುಕೊಳ್ಳುವವರು ರಕ್ತ ಕೊಡುವ ಮೊದಲು ಹೇಳಿಬಿಡಿ. ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದು ಡೋಸ್ ಮೇಲೆ ಹೋಗುತ್ತದೆ, ಅದನ್ನು ಡಾಕ್ಟರ್ ಹೇಳಬೇಕು.

ಅನುಮಾನಪ್ಪ

"ಬರೀ" ವಾಪಸ್ ತೆಗೆದುಕೊಂಡೆ.

ಬಿಳಿಕೋಟು

ರೇಡಿಯಾಲಜಿ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ದೇಹದೊಳಗೆ ಕೊಡುವ ಕಣಗಳ ಕಥೆ ಇಷ್ಟು ಸುಖವಾಗಿಲ್ಲ.

ಫೆರುಮಾಕ್ಸೈಡ್ ಎಂಬ ಐರನ್ ಆಕ್ಸೈಡ್ ಔಷಧಕ್ಕೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಿವರ್‌ನ ಎಂಆರ್‌ಐಗೆ. ಲಿವರ್‌ನಲ್ಲಿರುವ ಕುಪ್ಫರ್ ಜೀವಕೋಶಗಳು ಈ ಕಣಗಳನ್ನು ನುಂಗುತ್ತವೆ, ಆ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಹರಡಿ ಬಂದ ಗಡ್ಡೆಯಲ್ಲಿ ಆ ಕೋಶಗಳು ಇಲ್ಲ, ಅದು ಬೆಳ್ಳಗೇ ಉಳಿಯುತ್ತದೆ. ಉಪಾಯ ಚೆನ್ನಾಗಿತ್ತು. ಆದರೆ ಅದನ್ನು ಅರ್ಧ ಗಂಟೆ ಹನಿಹನಿಯಾಗಿ ಕೊಡಬೇಕು, ಕೆಲವರಿಗೆ ಬೆನ್ನುನೋವು ಬರುತ್ತಿತ್ತು. ಅಷ್ಟರಲ್ಲಿ ಎಂಆರ್‌ಐ ಚಿತ್ರ ಸ್ಪಷ್ಟವಾಗಲು ಕೊಡುವ ಗ್ಯಾಡೋಲಿನಿಯಂ ಔಷಧಗಳು ಒಂದೇ ಚುಚ್ಚಿಗೆ ಕೆಲಸ ಮುಗಿಸುತ್ತಿದ್ದವು. 2008ರ ಹೊತ್ತಿಗೆ ಇದರ ತಯಾರಿಕೆ ನಿಂತಿತು.

ಫೆರುಮಾಕ್ಸ್‌ಟ್ರಾನ್ ಎಂಬ ಇನ್ನೊಂದರ ಕಥೆ ಇನ್ನೂ ಬೇಸರ ತರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ದುಗ್ಧಗ್ರಂಥಿಗೆ, ಅಂದರೆ ಲಿಂಫ್ ನೋಡ್‌ಗೆ ಹರಡಿದೆಯಾ ಅಂತ ನೋಡಲು 2003ರಲ್ಲಿ ಪ್ರಕಟವಾದ ಫಲಿತಾಂಶಗಳು ತುಂಬಾ ಚೆನ್ನಾಗಿದ್ದವು. ಆದರೂ ಎಫ್‌ಡಿಎ ಒಪ್ಪಿಗೆ ಸಿಗಲಿಲ್ಲ. ನೆದರ್‌ಲ್ಯಾಂಡ್ಸ್‌ನ ನೈಮೆಗೆನ್‌ನಲ್ಲಿ ಆಮೇಲೆ ಅದನ್ನು ಮತ್ತೆ ಬಳಕೆಗೆ ತಂದರು.

ಫೆರುಮಾಕ್ಸಿಟಾಲ್ ಬಂದದ್ದು ಹಿಂಬಾಗಿಲಿನಿಂದ. ಅದಕ್ಕೆ 2009ರಲ್ಲಿ ಒಪ್ಪಿಗೆ ಸಿಕ್ಕಿದ್ದು ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ, ಕಬ್ಬಿಣದ ಇಂಜೆಕ್ಷನ್ ಆಗಿ. ಕಿಡ್ನಿ ಹಾಳಾದವರಲ್ಲಿ ಕೆಲವು ಗ್ಯಾಡೋಲಿನಿಯಂ ಔಷಧಗಳು ಚರ್ಮ ಗಟ್ಟಿಯಾಗುವ ಕಾಯಿಲೆ ತರುತ್ತವೆ ಎಂದು 2006ರಲ್ಲಿ ಗೊತ್ತಾಗಿತ್ತು. ಅಂಥವರಿಗೆ ರೇಡಿಯಾಲಜಿಯವರು ಇದನ್ನು ಎಂಆರ್‌ಐಗೆ ಬಳಸತೊಡಗಿದರು. ಅಪಾಯ ಇಲ್ಲ ಅಂತಲ್ಲ. ತೀವ್ರ ಅಲರ್ಜಿಯ ಬಗ್ಗೆ 2015ರಲ್ಲಿ ಅದರ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿದರು.

ನಿಜವಾಗಿ ಗೆದ್ದಿರುವುದು ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ. ಕ್ಯಾನ್ಸರ್ ಮೊದಲು ತಲುಪುವ ಲಿಂಫ್ ನೋಡ್ ಯಾವುದು ಎಂದು ಹುಡುಕಲು ಹಿಂದಿನಿಂದ ವಿಕಿರಣ ಸೂಸುವ ಟೆಕ್ನೀಷಿಯಂ ಬಳಸುತ್ತಾರೆ. ಅದರ ಅರ್ಧಾಯುಷ್ಯ 6 ಗಂಟೆ. ತಂದದ್ದನ್ನು ಬೇಗ ಬಳಸಬೇಕು, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವೂ ಬೇಕು. ಅದರ ಬದಲು ಮ್ಯಾಗ್‌ಟ್ರೇಸ್ ಎಂಬ ಐರನ್ ಆಕ್ಸೈಡ್ ದ್ರವ ಚುಚ್ಚಿ, ಸೆಂಟಿಮ್ಯಾಗ್ ಎಂಬ ಕೈಯಲ್ಲಿ ಹಿಡಿಯುವ ಶೋಧಕದಿಂದ ನೋಡ್ ಹುಡುಕಬಹುದು. 2018ರಲ್ಲಿ ಎಫ್‌ಡಿಎ ಒಪ್ಪಿದೆ. ಕೊರತೆಗಳೂ ಇವೆ. ಚರ್ಮದ ಮೇಲೆ ಕಂದು ಕಲೆ ಉಳಿಯಬಹುದು. ಆ ಜಾಗದ ಎಂಆರ್‌ಐ ತೆಗೆದರೆ ತಿಂಗಳುಗಟ್ಟಲೆ ಕಪ್ಪು ಮಚ್ಚೆ ಕಾಣಬಹುದು. ಆಮೇಲೆ ಎಂಆರ್‌ಐ ಬೇಕಾಗುವ ರೋಗಿಗೆ ಇದನ್ನು ಬಳಸುವ ಮೊದಲು ಸರ್ಜನ್ ಮತ್ತು ರೇಡಿಯಾಲಜಿಸ್ಟ್ ಮಾತಾಡಿಕೊಳ್ಳಬೇಕು.

ಪ್ರಶ್ನೆಪೆಟ್ಟಿಗೆ

ಡಾಕ್ಟ್ರೇ, ಹಾಗಾದರೆ ಒಳಗೆ ಓಡಾಡುವ ಕಣಗಳ ಚಿತ್ರ ಪೂರ್ತಿ ಸುಳ್ಳಲ್ಲ ಅಂದ ಹಾಗಾಯಿತು. ಎಂಪಿಐ ಎಂಬ ಹೊಸ ಸ್ಕ್ಯಾನ್ ಬಗ್ಗೆ ಏನು ಹೇಳುತ್ತೀರಿ?

ಬಿಳಿಕೋಟು

ಅದು ಇನ್ನೂ ನಮ್ಮ ಕೈಗೆ ಬಂದಿಲ್ಲ. ಕಬ್ಬಿಣದಪುಡಿಯವರು ಹೇಳಲಿ.

ಕಬ್ಬಿಣದಪುಡಿ

ಮ್ಯಾಗ್ನೆಟಿಕ್ ಪಾರ್ಟಿಕಲ್ ಇಮೇಜಿಂಗ್. ಹ್ಯಾಂಬರ್ಗ್‌ನ ಫಿಲಿಪ್ಸ್ ಪ್ರಯೋಗಾಲಯದ ಬರ್ನ್‌ಹಾರ್ಡ್ ಗ್ಲೈಶ್ ಮತ್ತು ಯುರ್ಗನ್ ವೈಝೆನೆಕರ್ 2005ರಲ್ಲಿ ಪ್ರಕಟಿಸಿದರು. ಎಂಆರ್‌ಐ ನೋಡುವುದು ನೀರನ್ನು, ಕಣ ಅದರಲ್ಲಿ ಒಂದು ನೆರಳು ಮಾತ್ರ. ಎಂಪಿಐ ನೋಡುವುದು ನೇರವಾಗಿ ಕಣವನ್ನು. ಜೋರಾದ ಕ್ಷೇತ್ರದಲ್ಲಿ ಎಲ್ಲಾ ಕಣಗಳೂ ಒಂದೇ ದಿಕ್ಕಿಗೆ ಸೆಟೆದು ನಿಂತಿರುತ್ತವೆ, ಮಾತಾಡುವುದಿಲ್ಲ. ಕ್ಷೇತ್ರ ಸೊನ್ನೆಯಾಗುವ ಒಂದೇ ಒಂದು ಬಿಂದು ಇಟ್ಟು, ಅದನ್ನು ದೇಹದ ಉದ್ದಗಲಕ್ಕೆ ಓಡಿಸಿದರೆ ಆ ಬಿಂದುವಿನಲ್ಲಿರುವ ಕಣಗಳು ಮಾತ್ರ ಸಿಗ್ನಲ್ ಕೊಡುತ್ತವೆ. ವಿಕಿರಣ ಇಲ್ಲ. ದೇಹದಿಂದ ಗದ್ದಲವೂ ಇಲ್ಲ. 2009ರಲ್ಲಿ ಬದುಕಿರುವ ಇಲಿಯ ಬಡಿಯುವ ಹೃದಯವನ್ನು ತೋರಿಸಿದರು.

ಮನುಷ್ಯರಿಗೆ ಯಾಕೆ ಬಂದಿಲ್ಲ? ಇಲಿಯ ಅಗಲದಿಂದ ಮನುಷ್ಯನ ಅಗಲಕ್ಕೆ ಹೋದಂತೆ ಅಷ್ಟೇ ಕಡಿದಾದ ಕ್ಷೇತ್ರ ಹುಟ್ಟಿಸಲು ವಿದ್ಯುತ್ ಸಿಕ್ಕಾಪಟ್ಟೆ ಬೇಕು. ಬೇಗ ಬದಲಾಗುವ ಕ್ಷೇತ್ರ ನರಗಳನ್ನು ಕೆರಳಿಸುತ್ತದೆ, ಚರ್ಮ ಚುರುಗುಟ್ಟುತ್ತದೆ. ತಲೆ ಹಿಡಿಸುವಷ್ಟು ದೊಡ್ಡ ಯಂತ್ರವನ್ನು ಹ್ಯಾಂಬರ್ಗ್‌ನವರು 2019ರಲ್ಲಿ ತೋರಿಸಿದ್ದಾರೆ. ದೇಹದ ರಚನೆ ಅದರಲ್ಲಿ ಕಾಣುವುದಿಲ್ಲ, ಕಣ ಇರುವ ಜಾಗ ಮಾತ್ರ ಹೊಳೆಯುತ್ತದೆ. ಹಾಗಾಗಿ ಪಕ್ಕದಲ್ಲಿ ಸಿಟಿಯೋ ಎಂಆರ್‌ಐಯೋ ಬೇಕೇ ಬೇಕು. ನನ್ನ ಮನಸ್ಸಿನಲ್ಲಿ ಇದಕ್ಕೆ ಜಾಗ ಇದ್ದರೆ ಪಾರ್ಶ್ವವಾಯು ರೋಗಿಯ ಮಿದುಳಿನ ರಕ್ತ ಹರಿವನ್ನು ಮತ್ತೆ ಮತ್ತೆ ನೋಡುವುದರಲ್ಲಿ. ಇಡೀ ದೇಹದ ಸ್ಕ್ಯಾನ್ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಅನುಮಾನಪ್ಪ

ನನ್ನ ಹಳೆಯ ತಕರಾರು ಒಂದಿದೆ. ರಕ್ತದಲ್ಲಿ ತೇಲುವ ಕ್ಯಾನ್ಸರ್ ಕೋಶ ಹಿಡಿಯುವ ಸೆಲ್‌ಸರ್ಚ್. 2004ರಲ್ಲಿ ಎಫ್‌ಡಿಎ ಒಪ್ಪಿತು. 7.5 ಮಿಲಿಲೀಟರ್ ರಕ್ತದಲ್ಲಿ ಮ್ಯಾಗ್ನೆಟಿಕ್ ಕಣಗಳಿಂದ ಕೋಶ ಹಿಡಿದು ಎಣಿಸುತ್ತಾರೆ. ಹರಡಿರುವ ಸ್ತನ ಕ್ಯಾನ್ಸರ್‌ನಲ್ಲಿ 5 ಅಥವಾ ಹೆಚ್ಚು ಇದ್ದರೆ ಮುಂದಿನ ದಾರಿ ಕಷ್ಟ. ಕೋಟಿಗಟ್ಟಲೆ ಕೆಂಪು ಕಣಗಳ ನಡುವೆ ಐದು ಕೋಶ! ಎಂಜಿನಿಯರಿಂಗ್‌ಗೆ ಕೈ ಮುಗಿಯುತ್ತೇನೆ. ಆದರೆ ಎಣಿಕೆ ಕಡಿಮೆಯಾಗದ ರೋಗಿಗಳಿಗೆ ಬೇಗ ಕೀಮೋ ಬದಲಿಸಿ ನೋಡಿದ ದೊಡ್ಡ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಆಯುಷ್ಯ ಹೆಚ್ಚಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ.

ಬಿಳಿಕೋಟು

ಪರೀಕ್ಷೆ ಸರಿಯಾಗಿಯೇ ಹೇಳಿತು, ಸ್ವಾಮಿ. ಬದಲಿಸಿ ಕೊಡಲು ಅದಕ್ಕಿಂತ ಒಳ್ಳೆಯ ಔಷಧ ನಮ್ಮ ಹತ್ತಿರ ಇರಲಿಲ್ಲ. ಅದರ ಸಿಟ್ಟು ಅಯಸ್ಕಾಂತದ ಮೇಲೆ ಯಾಕೆ?

ಪತ್ತೆ ಬೇಗ ಆದರೆ ಜೀವ ಉಳಿಯುವ ಕಡೆಯೂ ಇದೆ. ರಕ್ತಕ್ಕೆ ಸೇರಿದ ಕ್ಯಾಂಡಿಡಾ ಶಿಲೀಂಧ್ರ. ಬ್ಲಡ್ ಕಲ್ಚರ್‌ಗೆ ದಿನಗಟ್ಟಲೆ ಕಾಯಬೇಕು, ಅದರಲ್ಲೂ ಸುಮಾರು ಅರ್ಧದಷ್ಟು ಪ್ರಕರಣ ತಪ್ಪಿಸಿಕೊಳ್ಳುತ್ತವೆ. 2014ರಲ್ಲಿ ಒಪ್ಪಿಗೆ ಪಡೆದ ಟಿ2ಕ್ಯಾಂಡಿಡಾ ಪರೀಕ್ಷೆ ನೇರ ರಕ್ತದಿಂದಲೇ ಐದು ಜಾತಿಯ ಕ್ಯಾಂಡಿಡಾವನ್ನು 3ರಿಂದ 5 ಗಂಟೆಯಲ್ಲಿ ಹೇಳುವಂತೆ ರೂಪಿಸಿದ್ದು. ಮೊದಲು ಡಿಎನ್‌ಎ ಹೆಚ್ಚಿಸುತ್ತಾರೆ. ಅದು ಸಿಕ್ಕರೆ ನ್ಯಾನೋ ಕಣಗಳು ಗುಂಪು ಕಟ್ಟುತ್ತವೆ, ಗುಂಪು ಕಟ್ಟಿದರೆ ಸುತ್ತಲಿನ ನೀರಿನ ಎಂಆರ್ ಸಿಗ್ನಲ್ ಬದಲಾಗುತ್ತದೆ. ಇಲ್ಲಿ ಅಯಸ್ಕಾಂತ ಜರಡಿ ಅಲ್ಲ, ಅಳತೆಗೋಲೇ. ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಅದು ಹೇಳುವುದಿಲ್ಲ, ಕಲ್ಚರ್ ಬಿಡುವ ಹಾಗಿಲ್ಲ.

ಸುಮ್ನೆಬಂದೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಕೈಯಲ್ಲಿ ಒಂದು ಕೋಲು ಹಿಡಿದರೆ ಒಂದು ನಿಮಿಷದಲ್ಲಿ ಲಿವರ್, ಕಿಡ್ನಿ, ವಿಟಮಿನ್ ಎಲ್ಲದರ ರಿಪೋರ್ಟ್ ಕೊಡುವ "ಕ್ವಾಂಟಮ್ ಮ್ಯಾಗ್ನೆಟಿಕ್ ಅನಲೈಜರ್" ಇದೆಯಲ್ಲ, ಅದೂ ಇದೇ ತಂತ್ರಜ್ಞಾನವಾ?

ಕಬ್ಬಿಣದಪುಡಿ

ಅಲ್ಲ. ಅದರಲ್ಲಿ ಸ್ಯಾಂಪಲ್ ಇಲ್ಲ, ಕಣ ಇಲ್ಲ, ಗುರಿ ಹಿಡಿಯುವ ಆಂಟಿಬಾಡಿ ಇಲ್ಲ. ಕೋಲು ಹಿಡಿದು ಫೆರಿಟಿನ್ ಅಳೆಯಲು ಆಗುವುದಿಲ್ಲ. ದುಡ್ಡು ಉಳಿಸಿಕೊಳ್ಳಿ.

ಪ್ರಶ್ನೆಪೆಟ್ಟಿಗೆ

ಹಾರ್ಡ್ ಡಿಸ್ಕ್ ಓದುವ ಸೆನ್ಸರ್‌ನಿಂದಲೇ ರಕ್ತ ಪರೀಕ್ಷೆ ಮಾಡಬಹುದು ಅಂತ ಓದಿದ್ದೆ. ಅದೇನಾಯಿತು?

ಕಬ್ಬಿಣದಪುಡಿ

ಅದು ಜಿಎಂಆರ್ (ಜೈಂಟ್ ಮ್ಯಾಗ್ನೆಟೋರೆಸಿಸ್ಟೆನ್ಸ್), ಅಂದರೆ ಅಯಸ್ಕಾಂತ ಕ್ಷೇತ್ರ ಬದಲಾದರೆ ತೆಳು ಪದರಗಳ ವಿದ್ಯುತ್ ತಡೆ ಬದಲಾಗುವ ಗುಣ. ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರ ತಂಡಗಳು 1988ರಲ್ಲಿ ಕಂಡುಹಿಡಿದವು, ಇಬ್ಬರಿಗೂ 2007ರ ನೊಬೆಲ್ ಬಂತು. ಅಮೆರಿಕದ ನೇವಲ್ ರಿಸರ್ಚ್ ಲ್ಯಾಬೊರೇಟರಿಯವರು 1998ರಲ್ಲೇ ಇದನ್ನು ಜೈವಿಕ ಸೆನ್ಸರ್ ಮಾಡಿ ತೋರಿಸಿದ್ದರು. ಸ್ಟ್ಯಾನ್‌ಫರ್ಡ್‌ನ ಶಾನ್ ವಾಂಗ್ ತಂಡ ಆಮೇಲೆ ಬಹಳ ಮುಂದಕ್ಕೆ ಒಯ್ದಿತು. ಕಣದ ಕ್ಷೇತ್ರ ದೂರದ ಘನದಂತೆ ಕುಗ್ಗುತ್ತದೆ. ಸೆನ್ಸರ್‌ಗೆ ಅಂಟಿದ ಕಣ ಕಾಣುತ್ತದೆ, ಮೇಲೆ ತೇಲುವ ಕಣ ಕಾಣುವುದಿಲ್ಲ. ತೊಳೆಯುವ ಕೆಲಸವೇ ಬೇಡ. ಒಂದೇ ಚಿಪ್ ಮೇಲೆ ಹತ್ತಾರು ಪರೀಕ್ಷೆ.

ಭೌತಶಾಸ್ತ್ರದ ಕಡೆಯಿಂದ ಇಷ್ಟು ಚೆನ್ನಾಗಿದ್ದೂ ಮನೆಮನೆಗೆ ಬಾರದಿರಲು ಕಾರಣ ಸೆನ್ಸರ್ ಅಲ್ಲ, ಮೇಲ್ಮೈ. ಕಣವನ್ನು ಸೀರಮ್‌ಗೆ ಹಾಕಿದ ಕ್ಷಣವೇ ಅಲ್ಬುಮಿನ್ ಮತ್ತಿತರ ಪ್ರೋಟೀನ್‌ಗಳು ಅದರ ಮೇಲೆ ಪದರ ಕಟ್ಟುತ್ತವೆ. ಅಂಟಬಾರದ ಕಡೆಯೂ ಅಂಟುತ್ತವೆ. ಸೆನ್ಸರ್ ಎಷ್ಟೇ ಸೂಕ್ಷ್ಮವಾಗಿದ್ದರೂ ತಪ್ಪಾಗಿ ಅಂಟಿದ ಕಣಕ್ಕೂ ಸರಿಯಾಗಿ ಅಂಟಿದ ಕಣಕ್ಕೂ ಅದಕ್ಕೆ ವ್ಯತ್ಯಾಸ ತಿಳಿಯದು. ನನ್ನ ಲ್ಯಾಬ್‌ನಲ್ಲಿ ಅಯಸ್ಕಾಂತದ ಅಳತೆಗಿಂತ ಕಣಕ್ಕೆ ಹೊದಿಸುವ ಡೆಕ್ಸ್‌ಟ್ರಾನ್, ಪಿಇಜಿ, ಸಿಲಿಕಾದ ಹಿಂದೆಯೇ ಜಾಸ್ತಿ ಸಮಯ ಹೋಗುತ್ತದೆ. ಕಣ ತಯಾರಿಸುವುದು ಸುಲಭ. ಎರಡು ಬಗೆಯ ಕಬ್ಬಿಣದ ಉಪ್ಪಿಗೆ ಅಮೋನಿಯಾ ಹಾಕಿದರೆ ಕಪ್ಪಗೆ ಇಳಿಯುತ್ತದೆ. ಪ್ರತಿ ಬ್ಯಾಚೂ ಒಂದೇ ರೀತಿ ಬರುವಂತೆ ಹೊದಿಸುವುದು ಕಷ್ಟ.

ಸೀರಮ್‌ಸಂಗಾತಿ

ಅದಕ್ಕೇ ನಮಗೆ ಹೊಸ ಲಾಟ್ (ಬ್ಯಾಚ್) ಬಂದಾಗಲೆಲ್ಲ ಕ್ಯಾಲಿಬ್ರೇಷನ್, ಅಂದರೆ ಯಂತ್ರದ ಅಳತೆಯನ್ನು ಮತ್ತೆ ಸರಿಹೊಂದಿಸುವ ಕೆಲಸ. ಅಂದ ಹಾಗೆ ಮೇಲ್ಮೈ ಸರಿಯಾದರೆ ಏನಾಗುತ್ತದೆ ಎಂಬುದಕ್ಕೆ ಹೊಸ ಉದಾಹರಣೆ: 2025ರ ಮೇ ತಿಂಗಳಲ್ಲಿ ಎಫ್‌ಡಿಎ ಒಪ್ಪಿದ ಅಲ್ಝೈಮರ್‌ನ ಮೊದಲ ರಕ್ತ ಪರೀಕ್ಷೆ, ಫ್ಯುಜಿರೆಬಿಯೊದ ಲುಮಿಪಲ್ಸ್. ಮರೆವಿನ ಲಕ್ಷಣ ಇರುವ, 55 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನವರಿಗೆ. ಅದರೊಳಗೂ ಆಂಟಿಬಾಡಿ ಹೊದಿಸಿದ ಫೆರೈಟ್ (ಐರನ್ ಆಕ್ಸೈಡ್) ಕಣಗಳೇ.

ಸುಮ್ನೆಬಂದೆ

ಮೇಡಂ, ಕೊನೆಯ ಪ್ರಶ್ನೆ. ನಾನು ಲ್ಯಾಬ್ ಟೆಕ್ನಾಲಜಿ ಓದುತ್ತಿರುವವಳು. ರೀಏಜೆಂಟ್ ಪ್ಯಾಕ್ ಮೇಲೆ "ನೆಟ್ಟಗೆ ಇಡಿ" ಅಂತ ಬಾಣದ ಗುರುತು ಇರುತ್ತದೆ. ಫ್ರಿಜ್‌ನಲ್ಲಿ ಮಲಗಿಸಿಟ್ಟರೆ ಏನಾಗುತ್ತದೆ?

ಸೀರಮ್‌ಸಂಗಾತಿ

ಹಾಗಾದರೆ ತಂಗಿಯೇ. ಬೀಡ್‌ಗಳು ಭಾರ, ತಳಕ್ಕೆ ಇಳಿಯುತ್ತವೆ. ನೆಟ್ಟಗಿದ್ದರೆ ಬಾಟಲಿಯ ತಳದಲ್ಲಿ ಕೂರುತ್ತವೆ, ಯಂತ್ರ ಕಲಕಿದಾಗ ಎಲ್ಲಾ ಮೇಲೇಳುತ್ತವೆ. ಮಲಗಿಸಿಟ್ಟರೆ ಪಕ್ಕದ ಗೋಡೆಗೋ ಮುಚ್ಚಳಕ್ಕೋ ಹತ್ತಿಕೊಂಡು ಕೆಲವು ಅಲ್ಲೇ ಉಳಿಯುತ್ತವೆ. ಆಗ ಪ್ರತಿ ಪರೀಕ್ಷೆಗೂ ಬೀಡ್ ಕಡಿಮೆ ಬೀಳುತ್ತದೆ, ಕಂಟ್ರೋಲ್ (ಮೊದಲೇ ಉತ್ತರ ಗೊತ್ತಿರುವ ಸ್ಯಾಂಪಲ್) ಫಲಿತಾಂಶ ಜಾರುತ್ತದೆ. ಫ್ರೀಜರ್‌ನಲ್ಲಂತೂ ಇಡಲೇಬೇಡ, ಬೀಡ್‌ಗಳು ಒಂದಕ್ಕೊಂದು ಅಂಟಿ ಗಂಟಾದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಬಾಟಲಿಯನ್ನು ಕುಲುಕಿ ನೊರೆ ಎಬ್ಬಿಸಲೂ ಬೇಡ. ನೊರೆಯನ್ನೇ ದ್ರವ ಅಂದುಕೊಂಡು ಯಂತ್ರದ ಸೂಜಿ ಗಾಳಿ ಹೀರಿಬಿಡುತ್ತದೆ.